ಕೀ ಬಿಡಲ್ಲ, ತುಟಿ ಬಿಡಬೇಕು

ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಬ್ಯಾಂಡ್‌ಸೆಟ್‌ನವರು ಹತ್ತಿದರು. ಯಾವುದೋ ಮದುವೆ ದಿಬ್ಬಣ ಮುಗಿಸಿ ಬಂದವರು. ಡ್ರಮ್ಮಿಗೂ ಒಂದು ಸೀಟು ಬೇಕಾಯಿತು. ನನ್ನ ಪಕ್ಕ ಕೂತ ಹಿರಿಯರು ಕ್ಲಾರಿಯೋನೆಟ್ಟಿನ ರೀಡನ್ನು ಬಿಚ್ಚಿ, ಒರೆಸಿ, ಎಲೆಅಡಿಕೆ ಚೀಲದೊಳಗೆ ಜೋಪಾನ ಮಾಡಿದರು.

"ಓಲಗದ ಹಾಗೆ ಇದರಲ್ಲಿ ಸ್ವರ ಜಾರ್ಸೋದು ಕಷ್ಟ ಅಲ್ವಾ ಯಜಮಾನ್ರೇ?" ಎಂದೆ.

"ಕೀ ಬಿಡಲ್ಲ ತಮ್ಮಾ. ತುಟಿ ಬಿಡಬೇಕು."

ಆ ವಾದ್ಯದ ಕಥೆಯೆಲ್ಲ ಅಷ್ಟೇ. ಮುನ್ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಹುಟ್ಟಿ, ಪಲ್ಟನ್ ಬ್ಯಾಂಡುಗಳ ಜೊತೆ ದೇಶ ಸುತ್ತಿ, ಎಲ್ಲೆಡೆ ಬೀದಿಗಿಳಿದ ವಾದ್ಯ ಇದು. ಕೀಗಳ ಒಂದೊಂದು ಹಿಡಿತಕ್ಕೆ ಒಂದೊಂದು ಸ್ವರ. ನಡುವಿನ ದಾರಿ ಮುಚ್ಚಿಯೇ ಕೈಗೆ ಕೊಡುತ್ತಾರೆ. ರಾಯಚೂರಿನ ನರಸಿಂಹಲು ವಡವಾಟಿ ಅವರು ಸಿದ್ಧರಾಮ ಜಂಬಲದಿನ್ನಿಯವರ ಬಳಿ ಕಲಿತ ಹಿಂದೂಸ್ತಾನಿ ಗಾಯನವನ್ನು ಇಂಥ ವಾದ್ಯದಲ್ಲಿ ಮೀಂಡು ಸಮೇತ ನುಡಿಸಿದರು.

ಅವರಿಗೂ ಮೊದಲು, ಷಿಕಾಗೋದಲ್ಲಿ ಜಾನಿ ಡಾಡ್ಸ್ ಎಂಬ ಕಪ್ಪು ಕಲಾವಿದನಿದ್ದ. ನ್ಯೂ ಆರ್ಲಿಯನ್ಸಿನಲ್ಲಿ ಪಳಗಿದವನು. 1925ರ ನವೆಂಬರಿನಲ್ಲಿ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ 'ಹಾಟ್ ಫೈವ್' ತಂಡದ ಮೊದಲ ಧ್ವನಿಮುದ್ರಣ ಮಾಡಿದಾಗ ಕ್ಲಾರಿಯೋನೆಟ್ ಹಿಡಿದವನು ಇವನೇ. ರಾತ್ರಿ ಹೊತ್ತು 'ಕೆಲ್ಲೀಸ್ ಸ್ಟೇಬಲ್ಸ್' ಎಂಬ ಕ್ಲಬ್ಬಿನಲ್ಲಿ ಸ್ವಂತ ತಂಡ ನಡೆಸುತ್ತಿದ್ದ; ಹೆಸರೇ ಕುದುರೆ ಲಾಯ, ಕೇಳಿ! ಬ್ಲೂಸ್ ನುಡಿಸುವಾಗ ಅವನ ಸ್ವರ ನೆಟ್ಟಗೆ ನಿಲ್ಲುವುದಿಲ್ಲ. ಕೆಳಗಿನಿಂದ ತೆವಳಿ ಬಂದು, ಮುಟ್ಟಿಯೂ ಮುಟ್ಟದಂತೆ ಜಾರುತ್ತದೆ. ನಮ್ಮ ಕಿವಿಗೆ ಅದೇನೂ ಹೊಸದಲ್ಲ. 1930ರ ದಶಕದಲ್ಲಿ ಜನರ ರುಚಿ ಬದಲಾಗಿ ಡಾಡ್ಸ್ ಟ್ಯಾಕ್ಸಿ ಕಸುಬಿಗೆ ಕೈಹಾಕಬೇಕಾಯಿತು. 1940ರಲ್ಲಿ ತೀರಿಕೊಂಡಾಗ ವಯಸ್ಸು 48.

ವಾದ್ಯ ನುಡಿಸುವವರ ಹೆಸರು ಹೀಗೆಯೇ ಅಳಿದುಹೋಗಬಹುದು. ನಮ್ಮ ಬಸ್ಸಿನ ದಾರಿಗೆ ಬಳ್ಳಿಗಾವಿ ಇಲ್ಲೇ ಪಕ್ಕದಲ್ಲಿದೆ. ಹರಿಹರನ ರಗಳೆಯ ಅಲ್ಲಮ ಅಲ್ಲಿನ ಮದ್ದಳೆಗಾರ. ಆ ಹೆಸರು ಉಳಿಯಿತು, ಬರೆದಿಡಲು ಹರಿಹರನಿದ್ದ. ಡಾಡ್ಸ್‌ನನ್ನು ಉಳಿಸಿದ್ದು ಗ್ರಾಮಫೋನಿನ ಅರಗಿನ ತಟ್ಟೆ. 1977ರಲ್ಲಿ ವಾಯೇಜರ್ ನೌಕೆಗಳು ಚಿನ್ನದ ಲೇಪದ ತಟ್ಟೆಯೊಂದನ್ನು ಹೊತ್ತು ಹೋದವಲ್ಲ, ಅದರಲ್ಲಿ ಆರ್ಮ್‌ಸ್ಟ್ರಾಂಗ್ ತಂಡದ 1927ರ 'ಮೆಲಂಕಲಿ ಬ್ಲೂಸ್' ಇದೆ, ಡಾಡ್ಸ್‌ನ ಕ್ಲಾರಿಯೋನೆಟ್ ಸಮೇತ. ಅದೇ ತಟ್ಟೆಯಲ್ಲಿ ನಮ್ಮ ನೆರೆಯ ಗೋವೆಯ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಇಬ್ಬರೂ ಈಗ ಸೂರ್ಯಮಂಡಲದ ಗ್ರಹಗಳನ್ನೆಲ್ಲ ದಾಟಿ ಜೊತೆಯಾಗಿ ಪ್ರಯಾಣದಲ್ಲಿದ್ದಾರೆ.

ಮೊಬೈಲಿನಲ್ಲಿ ಆ 'ಮೆಲಂಕಲಿ ಬ್ಲೂಸ್' ಹುಡುಕಿ ಯಜಮಾನರ ಕಿವಿಗೆ ಹಿಡಿದೆ. ಬಸ್ಸಿನ ಗದ್ದಲದಲ್ಲೂ ಕಣ್ಣು ಮುಚ್ಚಿ ಕೇಳಿದರು. ಆರ್ಮ್‌ಸ್ಟ್ರಾಂಗನ ತುತ್ತೂರಿಗೆ ಅವರು ಅಲುಗಲಿಲ್ಲ. ಕ್ಲಾರಿಯೋನೆಟ್ ಬಂದಾಗ ಮಾತ್ರ ಬೆರಳು ಮೊಣಕಾಲ ಮೇಲೆ ಆಡಿತು.

"ಗಟ್ಟಿ ರೀಡು ಹಾಕ್ಯಾನೆ," ಎಂದರು.

ಸೊರಬ ಬಂತು. ಡ್ರಮ್ಮು ಮೊದಲು ಇಳಿಯಿತು.