ಬರಿದಾದ ಮಂಟಪ

ಓದತಕ್ಕ ಭಾಗ: ಯೋಹಾನ 5:1-9

ಬೇತೆಸ್ದ ಕೊಳದ ಐದು ಮಂಟಪಗಳಲ್ಲಿ ರೋಗಿಗಳು ಗುಂಪಾಗಿ ಬಿದ್ದಿದ್ದರು. ಅವರಲ್ಲಿ ಒಬ್ಬನು 38 ವರುಷದ ರೋಗಿ. ಕರ್ತನು ಅವನಿಗೆ ಮಂಟಪದಲ್ಲಿ ಒಳ್ಳೆಯ ಸ್ಥಳವನ್ನು ಕೊಡಿಸಲಿಲ್ಲ. ಹಾಸಿಗೆಯನ್ನು ಹೊರಿಸಿ ನಡೆಸಿದನು.

ಕೋಲಾರ ಜಿಲ್ಲೆಯ ಎಲ್ಲೆಯಾಚೆ, ಮದನಪಲ್ಲಿಯಲ್ಲಿ ಇಂಥದೊಂದು ಮಂಟಪವು ಎದ್ದಿತು. 1912ರಲ್ಲಿ ಡೆನ್ಮಾರ್ಕಿನ ವೈದ್ಯರಾದ ಕ್ರಿಶ್ಚಿಯನ್ ಫ್ರಿಮೊಡ್-ಮೊಲ್ಲರ್ ಅವರು ಹಲವು ಮಿಶನುಗಳ ಸಹಾಯದಿಂದ ಕ್ಷಯರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದರು. 1915ರಲ್ಲಿ ಅದು ಊರ ಹೊರಗಿನ ಆರೋಗ್ಯವರಂ ಎಂಬ ಸ್ವಂತ ಸ್ಥಳಕ್ಕೆ ಬಂದಿತು. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಒಳ್ಳೆಯ ಹವೆ, ವಿಶ್ರಾಂತಿ, ಪುಷ್ಟಿಯಾದ ಆಹಾರ, ಇವೇ ಚಿಕಿತ್ಸೆ. ಆದಕಾರಣ ಅಂಥ ಆಸ್ಪತ್ರೆಗಳನ್ನು ಗಾಳಿ ಬೆಳಕು ಧಾರಾಳವಾಗಿ ಬರುವಂತೆ ತೆರೆದ ಜಗಲಿಗಳನ್ನಿಟ್ಟು ಕಟ್ಟುತ್ತಿದ್ದರು. ಮಳೆಗಾಲವೆಲ್ಲಾ ಕದ ಮುಚ್ಚಿ ಹೊಗೆಯಲ್ಲಿ ಕೂರುವ ಮೇಳಿಗೆ ಸೀಮೆಯ ನಾವು ಇದನ್ನು ಗಮನಿಸುವುದೊಳ್ಳೆಯದು.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಬೇರೆ ಔಷಧಗಳೂ ಬಂದವು. 1959ರಲ್ಲಿ ಮದರಾಸಿನ ವೈದ್ಯರು ಪ್ರಕಟಿಸಿದ್ದೇನೆಂದರೆ, ಇಕ್ಕಟ್ಟಾದ ಬಡಮನೆಯಲ್ಲಿದ್ದು ಒಂದು ವರುಷ ಔಷಧ ತೆಗೆದುಕೊಂಡವರೂ ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಗುಣಹೊಂದಿದರು; ಮನೆಯವರಿಗೂ ಅದರಿಂದ ರೋಗವು ಹೆಚ್ಚಾಗಿ ಅಂಟಲಿಲ್ಲ. ಆರೋಗ್ಯವರವು ಈಗ ಸಕಲ ರೋಗಗಳನ್ನೂ ನೋಡುವ ಆಸ್ಪತ್ರೆ. ಇದಕ್ಕೆ ವ್ಯಸನಪಡುವವರುಂಟು, ನನಗೆ ವ್ಯಸನವಿಲ್ಲ. ರೋಗಿಯು ಎದ್ದು ನಡೆದದ್ದರಿಂದಲೇ ಮಂಟಪವು ಬರಿದಾಯಿತಲ್ಲವೇ?

ಆದರೆ ಹಾಸಿಗೆಯನ್ನು ಹೊತ್ತವನು ಬರುವುದು ನಮ್ಮ ಮನೆಗೆ. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆಯುಂಟು, ಔಷಧವು ಧರ್ಮಾರ್ಥ. ಸಾಧಾರಣವಾಗಿ ಆರು ತಿಂಗಳು ಸಾಕು. ಕೆಮ್ಮು ತಗ್ಗಿದೊಡನೆ ಮಾತ್ರೆ ಬಿಡುವವರಿದ್ದಾರೆ. ಕೆಮ್ಮುವ ಸೊಸೆಯನ್ನು ತವರಿಗಟ್ಟುವ ಅತ್ತೆಯರೂ ಇದ್ದಾರೆ. ಅಂಥ ಮನೆಯು ನಿಮ್ಮೂರಲ್ಲಿದ್ದರೆ, ಸಭೆಯ ಹಿರಿಯರು ಆರಾಧನೆ ತೀರಿದ ಮೇಲೆ ಅಲ್ಲಿಗೆ ಹೋಗಿ, ಇನ್ನೆಷ್ಟು ತಿಂಗಳ ಮಾತ್ರೆ ಉಳಿದಿದೆಯೆಂದು ವಿಚಾರಿಸಲಿ.