ಕುದುರೆಯ ಶೃಂಗಾರ, ಸವಾರನ ವೇಷ

ಮೊದಲ ಸಲ ಪ್ರದರ್ಶನಕ್ಕೆ ಒಯ್ಯುವ ಕುದುರೆಗೆ ಏನು ತೊಡಿಸಬೇಕು, ಅದರ ಮೇಲೆ ಕೂಡುವವ ಏನು ತೊಟ್ಟುಕೊಳ್ಳಬೇಕು? ಕೇಳಿದರೆ ಇದು ಬಾಜಾರದ ಪ್ರಶ್ನೆ ಅನಿಸುತ್ತದೆ. ಕಿಸೆಯಲ್ಲಿ ರೊಕ್ಕ ಇದ್ದಷ್ಟು ಕೊಂಡರಾಯಿತು ಅಂತ ಹೇಳಿ ಮುಗಿಸಬಹುದು. ನನಗೆ ಮಾತ್ರ ಇದು ಧರ್ಮದ ಪ್ರಶ್ನೆ ಅನಿಸಿದೆ. ಯಾಕಂದರೆ ತೊಡುವ ಇಬ್ಬರಲ್ಲಿ ಒಬ್ಬನಿಗೆ ಮಾತು ಐತಿ, ಇನ್ನೊಂದಕ್ಕೆ ಬಾಯಿ ಇದ್ದೂ ಮಾತಿಲ್ಲ. ಆ ಮಾತಿಲ್ಲದ ಬಾಯಿಯೊಳಗೇ ನಾವು ಕಬ್ಬಿಣ ಇಡುತ್ತೇವೆ.

ನಮ್ಮ ಜತ್ತ ಸೀಮೆಯ ರೈತರಿಗೆ ಎತ್ತಿನ ಶೃಂಗಾರ ಯಾರೂ ಹೇಳಿಕೊಡಬೇಕಾಗಿಲ್ಲ. ಖಿಲ್ಲಾರಿ ಹೋರಿಯನ್ನು ಯಲ್ಲಮ್ಮನ ಜಾತ್ರೆಗೆ ಒಯ್ಯುವಾಗ ಕೋಡು ಹೆರೆದು ಎಣ್ಣೆ ಹಚ್ಚುತ್ತೇವೆ, ಕೋಡಣಸು ಹಾಕುತ್ತೇವೆ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ, ಹಣೆಗೆ ಗೊಂಡೆ ಕಟ್ಟುತ್ತೇವೆ. ಕುದುರೆಯ ಮಾತು ಬೇರೆ. ನಮ್ಮಲ್ಲಿ ಅದು ಸರದಾರರ ವಾಡೆಯ, ದೇವರ ಗುಡಿಯ, ಮದುವೆ ಮೆರವಣಿಗೆಯ ಪ್ರಾಣಿ. ಈಗೀಗ ಹರೆಯದ ಹುಡುಗರಿಗೆ ಕುದುರೆ ಸಾಕುವ ಹುರುಪು ಬಂದಿದೆ. ದೀಪಾವಳಿ ಹೊತ್ತಿಗೆ ಸೋಲಾಪುರ ಜಿಲ್ಲೆಯ ಅಕಲೂಜದಲ್ಲಿ ಕುದುರೆ ಬಾಜಾರ ಕೂಡುತ್ತದೆ. ನಾಂದೇಡ ಜಿಲ್ಲೆಯ ಮಾಳೇಗಾವದ ಖಂಡೋಬನ ಜಾತ್ರೆ, ತಾಪಿ ನದಿಯ ದಂಡೆಯ ಸಾರಂಗಖೇಡದಲ್ಲಿ ದತ್ತ ಜಯಂತಿಗೆ ಕೂಡುವ ಜಾತ್ರೆ, ಇವೆರಡೂ ಕುದುರೆಗೆ ಹೆಸರಾದವು. ಇಂಥ ಕಡೆ ಮಾರಾಟದ ಜೊತೆ ಪ್ರದರ್ಶನವೂ ನಡೆಯುತ್ತದೆ. ಪರೀಕ್ಷಕರು ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಕಾಲು, ಗೊರಸು, ಬೆನ್ನು, ಕುತ್ತಿಗೆ ನೋಡುತ್ತಾರೆ. ಕೈಯಲ್ಲಿ ಹಿಡಿದು ನಡೆಸಿರಿ, ಓಡಿಸಿರಿ ಅನ್ನುತ್ತಾರೆ. ಸವಾರಿಯ ವರ್ಗ ಬೇರೆ ಇದ್ದರೆ ಹತ್ತಿ ತೋರಿಸಬೇಕು.

ನನ್ನ ತಮ್ಮನ ಮಗ ಹಿಂದಿನ ವರ್ಷ ಒಂದು ಹೆಣ್ಣು ಕುದುರೆ ತಂದ. ಭೀಮಥಡಿ ತಳಿ. ಭೀಮಾ ನದಿಯ ದಂಡೆಗೆ ಮರಾಠಿಯಲ್ಲಿ ಭೀಮಥಡಿ ಅಂತಾರ, ತಳಿಗೂ ಅದೇ ಹೆಸರು. ಎತ್ತರ ಕಡಿಮೆ, ಕಾಲು ಗಟ್ಟಿ, ಮೇವು ಕಡಿಮೆ ಇದ್ದರೂ ತಡೆಯುತ್ತದೆ. ಹಿಂದಕ್ಕೆ ಮರಾಠರ ದಂಡಿನ ಸವಾರರನ್ನು ಹೊತ್ತದ್ದು ಇದೇ. ಇವತ್ತಿಗೂ ಕುರಿ ಹಿಂಡಿನ ಹಿಂದೆ ಧನಗರರ ಸಂಸಾರದ ಗಂಟು ಹೊತ್ತು ಊರೂರು ತಿರುಗುವುದೂ ಇದೇ. ಹುಡುಗ ಅದನ್ನು ಪ್ರದರ್ಶನಕ್ಕೆ ಒಯ್ಯುತ್ತೇನೆ ಅಂದ. ಒಂದು ಯಾದಿ ಮಾಡಿಕೊಂಡು ನನ್ನ ಹತ್ತಿರ ಬಂದ. ಕನ್ನಡಿ ಚೂರು ಕೂಡಿಸಿದ ಮಾರವಾಡಿ ಜೀನು, ಜರಿಯ ಜೂಲ, ತಲೆಗೆ ತುರಾಯಿ, ತನಗೆ ಶೇರವಾನಿ ಮತ್ತು ರಾಜಸ್ಥಾನದ ಸಾಫಾ. ಕೊನೆಗೆ ಬರೆದಿದ್ದದ್ದು ಮುಳ್ಳಿನ ಕಡಿವಾಣ.

"ಇದ್ಯಾಕಪ್ಪಾ?" ಅಂತ ಕೇಳಿದೆ.

"ದೊಡ್ಡಪ್ಪಾ, ಅದನ್ನ ಹಾಕಿದ್ರ ಕುದರಿ ಕುತ್ತಿಗಿ ಬಾಗಿಸಿ ಕುಣೀತೈತಂತ. ನೋಡವ್ರು ವಾಹ್ ಅಂತಾರ."

"ಅದು ಹುರುಪಿಗೆ ಕುಣೀತೈತೋ, ನೋವಿಗೆ ಕುಣೀತೈತೋ?"

ಹುಡುಗ ಸುಮ್ಮನಾದ. ಈ ಒಂದು ಪ್ರಶ್ನೆಯ ಸುತ್ತ ನಮ್ಮ ಮನೆಯಲ್ಲಿ ಎಂಟು ದಿವಸ ವಾದ ನಡೆಯಿತು. ಆ ವಾದದಲ್ಲಿ ನನಗೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೃಂಗಾರ ಬೇರೆ, ಸೋಗು ಬೇರೆ. ಇದ್ದದ್ದನ್ನು ಚೆಂದಾಗಿ ಕಾಣಿಸುವುದು ಶೃಂಗಾರ. ಇಲ್ಲದ್ದನ್ನು ಇದೆ ಅಂತ ತೋರಿಸುವುದು, ಇದ್ದದ್ದನ್ನು ಮುಚ್ಚುವುದು ಸೋಗು. ಮೈ ತಿಕ್ಕಿ ತೊಳೆದು, ಬಾಲದ ಕೂದಲು ಬಾಚಿದರೆ ಕುದುರೆಯ ಮೈಯೇ ಕಾಣುತ್ತದೆ. ಬೆನ್ನಿನ ಹುಣ್ಣಿನ ಮೇಲೆ ಜರಿಯ ಜೂಲ ಹೊದಿಸಿದರೆ ಜರಿ ಕಾಣುತ್ತದೆ, ಹುಣ್ಣು ಉಳಿಯುತ್ತದೆ. ಹಲ್ಲು ಅರದಿಂದ ಉಜ್ಜಿ ವಯಸ್ಸು ಮುಚ್ಚುವವರು ಹಿಂದಿನಿಂದಲೂ ಇದ್ದಾರೆ. ನಮ್ಮ ಹುಡುಗನ ಗೆಳೆಯನೊಬ್ಬ, ಕಿವಿಗೆ ದಾರ ಕಟ್ಟಿ ತುದಿ ಕೂಡಿಸು, ಮಾರವಾಡಿ ಕುದುರೆ ಹಂಗ ಕಾಣ್ತೈತಿ ಅಂತ ಹೇಳಿಕೊಟ್ಟಿದ್ದ. ಮಾರವಾಡಿ ಕುದುರೆಗೆ ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದು ಹುಟ್ಟುಗುಣ. ಭೀಮಥಡಿಗೆ ಅದು ಯಾಕೆ ಬೇಕು? ಕಲ್ಲುಗುಡ್ಡ ಹತ್ತಿ ಇಳಿಯುವ ಕಾಲು ಅದಕ್ಕಿದೆಯಲ್ಲ! ಆ ಕಾಲನ್ನು ತೋರಿಸುವುದು ಬಿಟ್ಟು ಇಲ್ಲದ ಕಿವಿ ತೋರಿಸಲು ಹೋದರೆ, ಹುಡುಗನಿಗೆ ತನ್ನ ಕುದುರೆಯ ಬಗ್ಗೆ ನಾಚಿಕೆ ಇದೆ ಅಂತ ಅರ್ಥ. ನಾಚಿಕೆ ಇದ್ದವನು ಪ್ರದರ್ಶನಕ್ಕೆ ಯಾಕೆ ಹೋಗಬೇಕು?

ಸುಳಿಯ ವಿಚಾರ ಇದಕ್ಕಿಂತ ತೊಡಕಿನದು. ಕುದುರೆಯ ಮೈಮೇಲೆ ಇಂಥ ಜಾಗದಲ್ಲಿ ಸುಳಿ ಇದ್ದರೆ ಅಶುಭ ಅಂತ ಬಹಳ ಮಂದಿ ನಂಬುತ್ತಾರೆ, ಕಿಮ್ಮತ್ತು ಇಳಿಯುತ್ತದೆ. ಕೂದಲು ಕತ್ತರಿಸಿಯೋ ಪಟ್ಟಿ ಕಟ್ಟಿಯೋ ಸುಳಿ ಮರೆಮಾಡುವವರಿದ್ದಾರೆ. ನನಗೆ ಸುಳಿಯಲ್ಲಿ ನಂಬಿಕೆ ಇಲ್ಲ. ನಂಬಿಕೆ ಇಲ್ಲದ ಮೇಲೆ ಮುಚ್ಚಿದರೆ ಏನು ತಪ್ಪು ಅಂತ ತಮ್ಮ ಕೇಳಿದ. ಬಹಳ ಯೋಚನೆ ಮಾಡಿ ಹೇಳಿದೆ: ಸುಳಿಯಿಂದ ಕೇಡು ಆಗುವುದಿಲ್ಲ ಅಂತ ಎದುರು ನಿಂತು ವಾದ ಮಾಡೋಣ, ಆದರೆ ಮುಚ್ಚುವುದು ಬೇಡ. ಎದುರಿನವನ ನಂಬಿಕೆ ತಪ್ಪು ಅನ್ನುವ ಕಾರಣಕ್ಕೆ ಅವನ ಕಣ್ಣಿಗೆ ಬಟ್ಟೆ ಕಟ್ಟುವ ಹಕ್ಕು ನಮಗೆ ಬರುವುದಿಲ್ಲ.

ಇನ್ನು ನೋವಿನ ವಿಚಾರ. ನಮ್ಮ ಊರಿನ ಒಬ್ಬ ಹಿರಿಯರು ಫೌಜಿನಲ್ಲಿದ್ದವರು, ಸಹಾರನಪುರದ ರಿಮೌಂಟ್ ಡಿಪೋದಲ್ಲಿ ಕುದುರೆ ನೋಡಿಕೊಂಡವರು. ಅವರನ್ನು ಕರೆದೆವು. ಅವರು ಯಾದಿ ಓದಲಿಲ್ಲ, ನೇರವಾಗಿ ಕುದುರೆಯ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಾಡಿಸಿದರು. ಆಮೇಲೆ ಹುಡುಗನಿಗೆ ಒಂದೊಂದಾಗಿ ತೋರಿಸಿದರು. ಜೀನಿನ ಮುಂದಿನ ಕಮಾನಿಗೂ ಹೆಗಲಿನ ಉಬ್ಬಿಗೂ ನಡುವೆ ಎರಡು ಮೂರು ಬೆರಳು ಸಂದು ಇರಬೇಕು. ಜೀನಿನ ಭಾರ ಬೆನ್ನೆಲುಬಿನ ಮೇಲೆ ಕೂಡಬಾರದು, ಎರಡೂ ಪಕ್ಕದ ಮಾಂಸದ ಮೇಲೆ ಕೂಡಬೇಕು. ಹೊಟ್ಟೆಯ ಪಟ್ಟಿ, ನಮ್ಮ ಕಡೆ ತಂಗ ಅನ್ನುತ್ತೇವಲ್ಲ, ಅದನ್ನು ಬಿಗಿದ ಮೇಲೂ ಒಳಗೆ ಬೆರಳು ತೂರಬೇಕು. ತುಸು ನಡೆಸಿ ಮತ್ತೊಮ್ಮೆ ಬಿಗಿ ನೋಡಬೇಕು, ಯಾಕಂದರೆ ಕುದುರೆ ಮೊದಲಿಗೆ ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ. ಕಡಿವಾಣ ನುಣುಪಾಗಿರಬೇಕು, ಬಾಯಿಯ ಅಂಚಿನಲ್ಲಿ ಒಂದೆರಡು ಸುಕ್ಕು ಬೀಳುವಷ್ಟೇ ಎತ್ತರಕ್ಕೆ ಕೂಡಬೇಕು. ಹೊಸ ಚರ್ಮದ ಸಾಮಾನನ್ನು ಪ್ರದರ್ಶನದ ದಿನ ಮೊದಲ ಸಲ ಹಾಕಲೇಬಾರದು. ಎಣ್ಣೆ ತಿನಿಸಿ ಮೆತ್ತಗೆ ಮಾಡಿ, ಮನೆಯಲ್ಲೇ ಹದಿನೈದು ದಿನ ರೂಢಿ ಮಾಡಿಸಬೇಕು. ಮುಳ್ಳಿನ ಕಡಿವಾಣದ ಮಾತು ಬಂದಾಗ ಅವರ ದನಿ ಏರಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1965ರಲ್ಲಿ ಮಾಡಿದ ಸರಕಾರಿ ನಿಯಮದಲ್ಲೇ ಮುಳ್ಳಿರುವ ಕಡಿವಾಣ, ಮುಳ್ಳಿನ ಕೋಲು ಬಳಸಬಾರದು ಅಂತ ಐತಿ ಅಂದರು. ಆಮೇಲೆ ಹುಡುಗನಿಗೆ, "ನಿನ್ನ ನಾಲಿಗಿ ಮ್ಯಾಲ ಜಾಲಿಮುಳ್ಳು ಇಟ್ಟು ಹಗ್ಗ ಜಗ್ಗಿದ್ರ ನೀನೂ ಚೆಂದ ಕುಣೀತಿ" ಅಂದರು.

ಸವಾರನ ಬಟ್ಟೆಯ ಬಗ್ಗೆಯೂ ಅವರು ಹೇಳಿದ್ದು ಹೊಟ್ಟೆಪಾಡಿನ ಮಾತಿನ ಹಾಗೆ ನೇರ. ಬೂಟಿಗೆ ಹಿಮ್ಮಡಿ ಬೇಕು, ಇಲ್ಲದಿದ್ದರೆ ಕಾಲು ರಿಕೀಬಿನೊಳಗೆ ಪೂರಾ ತೂರಿಬಿಡುತ್ತದೆ. ಬಿದ್ದರೆ ಕುದುರೆ ದರದರ ಎಳೆದೊಯ್ಯುತ್ತದೆ. ಜೋತಾಡುವ ಸಾಫಾದ ಸೆರಗು, ಹಾರಾಡುವ ಶಲ್ಯೆ ಕುದುರೆಯನ್ನು ಬೆದರಿಸುತ್ತವೆ. ಸವಾರಿಗೆ ಹೆಲ್ಮೆಟ್ ಇರಲಿ. ನಾನು ವಾಚನಾಲಯದ ಪುಸ್ತಕದಲ್ಲಿ ಓದಿದ್ದೂ ಇದಕ್ಕೆ ಕೂಡಿಬಂತು. ಇವತ್ತು ಜಗತ್ತಿನ ತುಂಬ ಸವಾರರು ತೊಡುವ ಜೋಧಪುರ ಪಾಯಜಾಮ ನಮ್ಮ ದೇಶದ್ದೇ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಜೋಧಪುರದ ಸರ್ ಪ್ರತಾಪಸಿಂಗರು ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಮಂದಿ ಅದನ್ನು ಕಂಡು ಮೆಚ್ಚಿಕೊಂಡರು. ತೊಡೆಗೆ ಸಡಿಲ, ಮೊಣಕಾಲಿನ ಕೆಳಗೆ ಬಿಗಿ. ಕೂಡಲು ಏಳಲು ಸಲೀಸು, ಕಾಲಿಗೆ ಬಟ್ಟೆಯ ಮಡಿಕೆ ಒತ್ತುವುದಿಲ್ಲ. ಅದು ಕೆಲಸದಿಂದ ಹುಟ್ಟಿದ ಬಟ್ಟೆ, ಚೆಂದ ಅಂತ ಹೆಸರಾದದ್ದು ಆಮೇಲೆ. ನಮ್ಮ ಕಂಬಳಿಯೂ ಹಾಗೇ ಅಲ್ಲವೇ? ಮಳೆಗೆ, ಚಳಿಗೆ ಅಂತ ನೇಯ್ದದ್ದು, ಇವತ್ತು ದೇವರ ಗದ್ದಿಗೆಗೂ ಹಾಸುತ್ತೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಕನ್ನಡ ಶಾಲೆಯ ಮಾಸ್ತರರು ಒಂದು ಆಕ್ಷೇಪ ತೆಗೆದರು. ಅದು ಹಗುರ ಮಾತಲ್ಲ. "ಕಾಕಾ, ನೀವು ಡೊಳ್ಳಿನ ಪದ ಹಾಡಾಕ ನಿಂತಾಗ ಬಿಳಿ ಧೋತರ, ಹಳದಿ ರುಮಾಲು, ಹೆಗಲ ಮ್ಯಾಲ ಕಂಬಳಿ ಹಾಕ್ಕೊಂಡೇ ನಿಲ್ತೀರಿ. ಹೊಲದಾಗಿನ ಅಂಗಿ ಮ್ಯಾಲ ನಿಲ್ಲೂದಿಲ್ಲ. ವೇಷ ಅಂದ್ರ ಕೂತ ಮಂದಿಗೆ ಕೊಡೂ ಮರ್ಯಾದಿ. ಬಡವರ ಹುಡುಗ ಸಾದಾ ಅಂಗಿ ಹಾಕ್ಕೊಂಡು ಹೋಗಿ ಶ್ರೀಮಂತರ ನಡುವ ನಿಂತು ನಗೆಪಾಟಲ ಆಗಬೇಕೇನು?" ಅಂದರು.

ಮಾಸ್ತರರ ಮಾತು ಖರೆ. ವೇಷ ಮರ್ಯಾದೆ ಹೌದು. ಅದಕ್ಕೇ ನಾನು ಹರಕು ಬಟ್ಟೆಯಲ್ಲಿ ಹೋಗು ಅಂತ ಹುಡುಗನಿಗೆ ಹೇಳಲಿಲ್ಲ. ಆದರೆ ನನ್ನ ರುಮಾಲು ನನ್ನ ತಲೆಗೆ ಭಾರ, ಡೊಳ್ಳಿಗೆ ಅಲ್ಲ. ರುಮಾಲು ಬಿಗಿಯಾದರೆ ನಾನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತೇನೆ. ಕುದುರೆಗೆ ಆ ಸವಲತ್ತು ಇಲ್ಲ. ನನ್ನ ಮರ್ಯಾದೆಗೆ ನಾನು ಕಷ್ಟಪಟ್ಟರೆ ಅದು ನನ್ನ ಖುಷಿ. ನನ್ನ ಮರ್ಯಾದೆಗೆ ಇನ್ನೊಂದು ಜೀವ ಬಾಯಿ ಕೊಯ್ಯಿಸಿಕೊಂಡರೆ ಅದನ್ನು ಮರ್ಯಾದೆ ಅಂತ ಹೆಂಗ ಕರೆಯೋದು? ಮತ್ತೆ, ಸಾಲ ಮಾಡಿ ತಂದ ಜರಿಯ ಒಳಗೆ ನಿಂತ ಹುಡುಗನಿಗೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ಮೇಲೆ ಗಟ್ಟಿ ಹೆಲ್ಮೆಟ್, ಒರೆಸಿದ ಬೂಟು ಹಾಕಿದವನನ್ನು ನೋಡಿ ಯಾರಾದರೂ ನಕ್ಕರೆ, ನಾಚಿಕೆಪಡಬೇಕಾದವರು ನಕ್ಕವರು.

ನಮ್ಮ ಸೀಮೆಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಆಷಾಢದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರ ಮಹಾರಾಜರ ಪಾಲಕಿ ಹೋಗುತ್ತದೆ. ಅದರ ಜೊತೆ ಎರಡು ಕುದುರೆಗಳಿರುತ್ತವೆ. ಅವು ಬರುವುದು ಕರ್ನಾಟಕದ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರ ಮನೆಯಿಂದ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಜೀನು ಖಾಲಿ, ಅದು ಮಾವುಲಿಯ ಕುದುರೆ. ಸೋಲಾಪುರ ಜಿಲ್ಲೆಯ ಬಯಲಿನಲ್ಲಿ ರಿಂಗಣ ಆಗುವಾಗ ವಾರಕರಿಗಳು ಸುತ್ತಲೂ ನಿಂತಿರುತ್ತಾರೆ, ನಡುವೆ ಕುದುರೆಗಳು ಸುತ್ತು ಹಾಕಿ ಓಡುತ್ತವೆ. ಓಟ ಮುಗಿದ ಮೇಲೆ ಮಂದಿ ಮುಗಿಬಿದ್ದು ಗೊರಸಿನ ಕೆಳಗಿನ ಮಣ್ಣು ತೆಗೆದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಆ ಖಾಲಿ ಜೀನಿನ ಮೇಲೆ ಕಣ್ಣಿಗೆ ಕಾಣುವ ಸವಾರನೇ ಇಲ್ಲ, ಸವಾರನ ವೇಷವೂ ಇಲ್ಲ. ಆದರೂ ಲಕ್ಷ ಮಂದಿಯ ಕಣ್ಣು ಅದರ ಮೇಲೆಯೇ. ಪ್ರದರ್ಶನಕ್ಕೆ ಹೋಗುವ ಹುಡುಗರು ಇದನ್ನು ಒಮ್ಮೆ ನೋಡಬೇಕು. ಕುದುರೆ ಮುಂದೆ ಬರಬೇಕಾದರೆ ಸವಾರ ತುಸು ಹಿಂದೆ ಸರಿಯಬೇಕು.

ಕೊನೆಗೆ ನಮ್ಮ ಹುಡುಗ ಯಾದಿ ಬದಲಿಸಿದ. ಹಳೆಯ ಜೀನನ್ನೇ ರಿಪೇರಿ ಮಾಡಿಸಿ ಒಳಗಿನ ಗಾದಿ ಹೊಸದು ಹಾಕಿಸಿದ. ನುಣುಪು ಕಡಿವಾಣ, ಗಟ್ಟಿ ಹೊಲಿಗೆಯ ಲಗಾಮು, ಹೊಸ ತಂಗ ಕೊಂಡ. ಹಣೆಗೆ ಒಂದು ಗೊಂಡೆಯನ್ನು ನನ್ನ ತಮ್ಮನ ಹೆಂಡತಿ ಉಣ್ಣೆಯಿಂದ ತಾನೇ ಕಟ್ಟಿಕೊಟ್ಟಳು. ಪ್ರದರ್ಶನದಲ್ಲಿ ನಂಬರ ಬರಲಿಲ್ಲ. ಝಗಝಗ ಅನ್ನುವ ಕುದುರೆಗಳ ನಡುವೆ ನಮ್ಮ ತಟ್ಟಿನ ಕಡೆ ಮಂದಿ ಬಹಳ ಹೊತ್ತು ನೋಡಲೂ ಇಲ್ಲ. ಮನೆಗೆ ಬಂದ ಮೇಲೆ ತಮ್ಮ, "ಅಣ್ಣಾ, ಜರಿ ಹಾಕಿದ್ರ ಬರ್ತಿತ್ತೋ ಏನೋ" ಅಂದ. ಬರುತ್ತಿದ್ದರೂ ಬರುತ್ತಿತ್ತು. ಖರೆ ದಾರಿಗೆ ಹೋದವನಿಗೇ ನಂಬರ ಸಿಗುತ್ತದೆ ಅಂತ ನಾನು ಹೇಳಲಾರೆ, ಹೇಳಿದರೆ ಅದೂ ಒಂದು ಸೋಗು. ಆದರೆ ಜೀನು ಇಳಿಸಿದಾಗ ಕುದುರೆಯ ಬೆನ್ನ ಮೇಲೆ ಒಂದು ಕೂದಲೂ ಕಿತ್ತಿರಲಿಲ್ಲ. ಕಡಿವಾಣ ತೆಗೆದ ಕೂಡಲೇ ಮೇವಿಗೆ ಬಾಯಿ ಹಾಕಿತು.

ಮುಂದಿನ ವರ್ಷ ಹೋರಿಯನ್ನೋ ಕುದುರೆಯನ್ನೋ ಮೊದಲ ಸಲ ಒಯ್ಯುವವರಿಗೆ ನನ್ನದು ಇಷ್ಟೇ ಮಾತು. ಸಾಮಾನು ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಇದು ಪ್ರಾಣಿಗೆ ನೋಯುತ್ತದೆಯೇ? ಇದು ನೋಡುವವರಿಂದ ಏನನ್ನಾದರೂ ಮುಚ್ಚುತ್ತದೆಯೇ? ಇದರ ಸಾಲ ತೀರಿಸುವವರು ಯಾರು? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಗೊಂಡೆಯನ್ನೂ ಕಟ್ಟಿರಿ, ಗೆಜ್ಜೆಯನ್ನೂ ಕಟ್ಟಿರಿ, ಯಾರೂ ಬೇಡ ಅನ್ನುವುದಿಲ್ಲ. ಪ್ರದರ್ಶನ ಒಂದು ದಿವಸ ಇರುತ್ತದೆ. ಮರುದಿವಸ ಮುಂಜಾನೆ ಮೇವು ಹಾಕಲು ಹೋದಾಗ ಆ ಪ್ರಾಣಿ ನಮ್ಮ ಕೈ ಕಂಡು ಹಿಂದೆ ಸರಿಯದೆ ಹತ್ತಿರ ಬರುವಂತಿರಬೇಕು.