ಭಿನ್ನತೆ ಎಲ್ಲಿ ಕಾಯಿಲೆಯಾಗುತ್ತದೆ?

ಮಕ್ಕಳ ಮನೋವೈದ್ಯರಾಗುವ ದಾರಿ ದೀರ್ಘವಾದದ್ದು. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂಡಿ ಮಾಡಿದವರು ಈ ವಿಭಾಗದ ಡಿಎಂಗಾಗಿ ಮತ್ತೆ ಮೂರು ವರ್ಷ ಓದಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವ್ಯಾಸಂಗವಿದೆ. ಆಟಿಸಂ, ಎಡಿಎಚ್‌ಡಿ, ಕಲಿಕೆಯ ತೊಡಕು, ಹದಿಹರೆಯದ ಖಿನ್ನತೆ ಮುಂತಾದವನ್ನು ಗುರುತಿಸಿ ಉಪಚರಿಸುವುದನ್ನು ಇದರಲ್ಲಿ ಕಲಿಸುತ್ತಾರೆ. ಆದರೆ ಇವೆಲ್ಲದರ ಬುಡದಲ್ಲಿರುವ ಪ್ರಶ್ನೆ ತತ್ತ್ವಶಾಸ್ತ್ರದ್ದು: ಉಳಿದವರಂತಿಲ್ಲದ ಮಗುವಿಗೆ ಕಾಯಿಲೆಯಿದೆ ಎನ್ನುವುದು ಯಾವ ಆಧಾರದ ಮೇಲೆ?

ಮೂಳೆ ಮುರಿದರೆ ಎಕ್ಸ್‌ರೇ ತೋರಿಸುತ್ತದೆ. ಆಟಿಸಂ ಇದೆಯೆಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ಹೆತ್ತವರು ಹೇಳಿದ್ದು, ಶಾಲೆಯವರು ಕಂಡದ್ದು, ಮಗು ಆಡುವ ರೀತಿ, ಇವನ್ನು ನೋಡಿಯೇ ವೈದ್ಯರು ತೀರ್ಮಾನಿಸಬೇಕು. ಕಾಯಿಲೆಯನ್ನು ಬೇರ್ಪಡಿಸುವ ಗೆರೆಯೂ ಒಂದೇ ಕಡೆ ನಿಲ್ಲುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಿಂದ ಆಸ್ಪರ್ಗರ್ ಎಂಬ ರೋಗನಾಮವನ್ನು ತೆಗೆದು ಅದನ್ನು ಆಟಿಸಂನೊಳಗೆ ಸೇರಿಸಿತು. ಮಕ್ಕಳು ಇದ್ದ ಹಾಗೇ ಇದ್ದರು.

ಅಮೆರಿಕದ ಚಿಂತಕ ಜೆರೋಮ್ ವೇಕ್‌ಫೀಲ್ಡ್ 1992ರಲ್ಲಿ ಒಂದು ಅಳತೆಗೋಲು ಕೊಟ್ಟರು: ಕಾಯಿಲೆ ಎನ್ನಬೇಕಾದರೆ ದೇಹ ಅಥವಾ ಮನಸ್ಸಿನ ಸಹಜ ಕಾರ್ಯ ಕೆಟ್ಟಿರಬೇಕು, ಅದರಿಂದ ಹಾನಿಯೂ ಆಗುತ್ತಿರಬೇಕು. ಹಾನಿ ಯಾವುದೆಂದು ಹೇಳುವುದು ಸಮಾಜವೇ ಆದ್ದರಿಂದ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ಫ್ರಾನ್ಸಿನ ತತ್ತ್ವಜ್ಞಾನಿ ಜಾರ್ಜ್ ಕಾಂಗಿಲೆಮ್ 1943ರಲ್ಲೇ ಇನ್ನೂ ಆಳಕ್ಕೆ ಹೋಗಿದ್ದರು. ಕಾಂಗಿಲೆಮ್ ಪ್ರಕಾರ ಆರೋಗ್ಯವೆಂದರೆ ಸರಾಸರಿಗೆ ಹೊಂದಿಕೊಳ್ಳುವುದಲ್ಲ, ಬದಲಾದ ಪರಿಸರದಲ್ಲಿ ಹೊಸ ರೀತಿಯಲ್ಲಿ ಬದುಕಲು ಬರುವ ಶಕ್ತಿ. ಈ ಮಾತು ಒಪ್ಪಿದರೆ ಮಗುವನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ಗದ್ದಲದ ತರಗತಿಯಲ್ಲಿ ಕಿವಿ ಮುಚ್ಚಿಕೊಂಡು ಚೀರುವ ಹುಡುಗ ಸದ್ದಿಲ್ಲದ ಕೋಣೆಯಲ್ಲಿ ಲೆಕ್ಕ ಬಿಡಿಸಬಲ್ಲನಾದರೆ ತರಗತಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಹಾಗೆಂದು ಎಲ್ಲವೂ ಬರಿಯ ಭಿನ್ನತೆ ಎನ್ನುವುದೂ ತಪ್ಪು. ರಕ್ತ ಬರುವಷ್ಟು ತಲೆ ಚಚ್ಚಿಕೊಳ್ಳುವ ಮಗುವಿಗೆ ಬೇಕಿರುವುದು ಚಿಕಿತ್ಸೆ.

ಹೆಸರಿಡುವುದರಲ್ಲಿ ಇನ್ನೊಂದು ಇಕ್ಕಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ; ಆದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಬೇಕು. ಹಣೆಪಟ್ಟಿ ಬೇಡವೆಂದರೆ ಹಕ್ಕೂ ಕೈತಪ್ಪುತ್ತದೆ. ಅದೂ ಅಲ್ಲದೆ ಮಗು ತಾನಾಗಿ ವೈದ್ಯರ ಬಳಿ ಬರುವುದಿಲ್ಲ, ಯಾರೋ ಕರೆತರುತ್ತಾರೆ. ದೂರು ದೊಡ್ಡವರದ್ದು, ಔಷಧ ನುಂಗುವುದು ಮಗು.

ವೈದ್ಯರಿಗೆ ಕೌಶಲವೊಂದೇ ಸಾಲದೆಂಬುದಕ್ಕೆ, ಮೇಲೆ ಹೇಳಿದ ರೋಗನಾಮ ಯಾರ ಹೆಸರಿನದೋ ಆ ಹಾನ್ಸ್ ಆಸ್ಪರ್ಗರ್ ಅವರ ಚರಿತ್ರೆಯೇ ಸಾಕ್ಷಿ. ವಿಯೆನ್ನಾದ ಈ ವೈದ್ಯರು ಮಕ್ಕಳನ್ನು ಗಮನಿಸಿ 1944ರಲ್ಲಿ ಬರೆದ ವಿವರಣೆಗಳ ಸೂಕ್ಷ್ಮತೆಯನ್ನು ಇಂದಿಗೂ ಮೆಚ್ಚುವವರಿದ್ದಾರೆ. ನಾಜಿ ಆಡಳಿತದ ಆ ಕಾಲದಲ್ಲಿ ಅವರು ಕೆಲವು ಮಕ್ಕಳನ್ನು ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳಿಸಿದ್ದರೆಂದು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ತೋರಿಸಿದರು. ಆ ಸಂಸ್ಥೆಯಲ್ಲಿ ಸುಮಾರು 800 ಮಕ್ಕಳು ಸತ್ತರು. ಎಷ್ಟೋ ಮಕ್ಕಳನ್ನು ಔಷಧ ಕೊಟ್ಟು ಕೊಲ್ಲಲಾಗಿತ್ತು. ಮಗುವನ್ನು ಓದಬಲ್ಲ ಕಣ್ಣು ಆಸ್ಪರ್ಗರ್‌ಗೆ ಇತ್ತು. ಯಾವ ಬದುಕಿಗೆ ಬೆಲೆಯಿದೆ ಎಂಬ ತೀರ್ಮಾನವನ್ನು ಮಾತ್ರ ಅವರು ಪ್ರಭುತ್ವಕ್ಕೆ ಬಿಟ್ಟುಕೊಟ್ಟರು. ಆದ್ದರಿಂದ ಮಕ್ಕಳ ಮನೋವೈದ್ಯರ ತರಬೇತಿಯಲ್ಲಿ ನೀತಿಶಾಸ್ತ್ರ ಬಿಡುವಿನ ವೇಳೆಯ ಉಪನ್ಯಾಸವಾಗಿ ಉಳಿಯಬಾರದು. ಔಷಧಶಾಸ್ತ್ರದಷ್ಟೇ ಕಟ್ಟುನಿಟ್ಟಾಗಿ ಅದರಲ್ಲೂ ಪರೀಕ್ಷೆ ನಡೆಸಬೇಕು.